ಸ್ವಿಚ್ 2 ದುಬಾರಿಯಾ? ಹೀಗೆ ಲೆಕ್ಕ ಹಾಕಿ

ನಿಂಟೆಂಡೋ ಕಂಪನಿಯ ಗೇಮ್ ಮೆಷಿನ್ ಸ್ವಿಚ್ 2 ರೇಟ್ ಜಾಸ್ತಿಯಾ ಅಂತ ಕೇಳುವವರು ಬಾಕ್ಸಿನ ರೇಟ್ ಒಂದೇ ನೋಡ್ಬೇಡಿ ಮಾರಾಯ್ರೆ, ಒಂದು ಚೀಟಿಯಲ್ಲಿ ಮೆಷಿನ್, ಮೆಮೊರಿ ಕಾರ್ಡ್, ಮೊದಲ ವರ್ಷ ನೀವು ಖಂಡಿತ ಆಡುವ ಗೇಮ್ ಎಲ್ಲ ಬರೆದು ಕೂಡಿಸಿ, ಆ ಟೋಟಲನ್ನು ಸ್ಟೀಮ್ ಡೆಕ್ (ಪಿಸಿ ಗೇಮನ್ನು ಕೈಯಲ್ಲಿ ಹಿಡ್ಕೊಂಡು ಆಡುವ ಮೆಷಿನ್) ಟೋಟಲ್ ಪಕ್ಕ ಇಟ್ಟು ನೋಡಿ. ಯಾಕಂದ್ರೆ ದುಡ್ಡು ಹೋಗುದು ಆಮೇಲೆ. 2025ರ ಜೂನಲ್ಲಿ ಅಮೆರಿಕದಲ್ಲಿ ಬಂದಾಗ ಮೆಷಿನ್ 449.99 ಡಾಲರ್, ಮಾರಿಯೋ ಕಾರ್ಟ್ ವರ್ಲ್ಡ್ ಒಂದಕ್ಕೇ 79.99, ಮತ್ತೆ ಕಾರ್ಡಲ್ಲಿ ಗೇಮ್ ಇಡ್ಲಿಕ್ಕೆ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಅನ್ನುವ ಹೊಸ ಜಾತಿಯ ಕಾರ್ಡೇ ಆಗ್ಬೇಕು, ಮೊಬೈಲಿಂದ ತೆಗೆದ ಹಳೇ ಕಾರ್ಡ್ ಆಗುದಿಲ್ಲ. ಡೆಕ್ಕಿಗೆ ಸಾದಾ ಕಾರ್ಡ್ ಸಾಕು, ಪಿಸಿಗೆ ಅಂತ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಂಡ ಗೇಮ್ ಸುಮಾರು ಅದ್ರಲ್ಲೂ ಓಡ್ತದೆ. ಮನೇಲಿ ಹಳೇ ಸ್ವಿಚ್ಚಿನ ಕಾರ್ಟ್ರಿಜ್ ರಾಶಿ ಉಂಟಾದ್ರೆ ಮಾತ್ರ ಲೆಕ್ಕ ಉಲ್ಟಾ, ಹೆಚ್ಚಿನವು ಹೊಸದರಲ್ಲೂ ನಡೀತದೆ. ಮಂಗಳೂರಿನ ಹಂಪನಕಟ್ಟೆ ಅಂಗಡಿಯಲ್ಲಿ ತಗೊಳ್ಳಿ, ಇಲ್ಲ ಗಲ್ಫಿಂದ ಬರುವವರತ್ರ ತರಿಸಿ, ಇಂಪೋರ್ಟ್ ಪೀಸ್ ಆದ್ರೆ ರಿಪೇರಿ ಯಾರು ಮಾಡಿಕೊಡುದು ಅಂತ ಮೊದಲೇ ಕೇಳಿ, ಅಂಗಡಿಯಾದ್ರೆ ಬಿಲ್ಲಲ್ಲೇ ಬರೆಸಿ. ಇನ್ನು ಮಕ್ಕಳಿಗೆ ಮಾರಿಯೋ, ಝೆಲ್ಡಾನೇ ಬೇಕು ಅಂತಾದ್ರೆ ಈ ಹೋಲಿಕೆಯೇ ಪ್ರಯೋಜನ ಇಲ್ಲ, ಆ ಹೊಸ ಗೇಮೆಲ್ಲ ನಿಂಟೆಂಡೋ ಬಿಟ್ಟು ಬೇರೆ ಮೆಷಿನಿಗೆ ಬರುದೇ ಇಲ್ಲ.