ಮಗನ ಜೊತೆ ಕೂತು ಒಡಿಸ್ಸಿ ಓದಿದ್ದು ಹೀಗೆ

ಮಗ ಒಂಬತ್ತನೇ ಗ್ರೇಡಿಗೆ ಬಂದಾಗ ಇಂಗ್ಲಿಷ್ ಕ್ಲಾಸಿನಲ್ಲಿ ಪ್ರಾಚೀನ ಗ್ರೀಕ್ ಕವಿ ಹೋಮರನ ಮಹಾಕಾವ್ಯ ಒಡಿಸ್ಸಿ ಶುರುವಾಯಿತು. ನಾವಿರುವುದು ನ್ಯೂಜೆರ್ಸಿಯಲ್ಲಿ. ತಿಪಟೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಹುಡುಗನ್ನ ಡ್ಯಾನ್ಸಿಗೆ ಯಾಕೆ ಸೇರಿಸಿದ್ಯೇ?" ಎಂದರು.

ನಾನು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಗ್ರೀಕ್ ಕಾವ್ಯದ ಗಂಧ ಗಾಳಿ ಇರಲಿಲ್ಲ. ಗೊತ್ತಿದ್ದದ್ದು ಬಾಯಿಪಾಠ ಒಂದೇ. ಎಪಿಥೆಟ್, ಎಪಿಕ್ ಸಿಮಿಲಿ, ಡ್ರಮ್ಯಾಟಿಕ್ ಐರನಿ ಅಂತ ಕಾವ್ಯತಂತ್ರಗಳ ಹೆಸರಿನ 20 ಕಾರ್ಡು ಬರೆಸಿ ಉರು ಹೊಡೆಸಿದೆ. ಟೆಸ್ಟಿನಲ್ಲಿ 20ಕ್ಕೆ 11 ಬಂತು. ಅರ್ಥ ಬರೆಯುವ ಪ್ರಶ್ನೆಗಳೆಲ್ಲ ಸರಿ. ಹತ್ತು ಸಾಲು ಕೊಟ್ಟು 'ಇದರಲ್ಲಿ ಯಾವುದಿದೆ, ಯಾಕಿದೆ' ಎಂದು ಕೇಳಿದ ಕಡೆಯೆಲ್ಲ ಖಾಲಿ. ಆ ಕಾರ್ಡುಗಳನ್ನು ಎತ್ತಿಟ್ಟು ಮೊದಲಿನಿಂದ ಶುರು ಮಾಡಿದೆವು.

ಮೊದಲು ಒಂದು ಹಾಳೆಯಲ್ಲಿ ಉದ್ದಕ್ಕೆ ಗೆರೆ ಎಳೆದು 20 ವರ್ಷ ಗುರುತು ಮಾಡಿ. ಟ್ರಾಯ್ ಯುದ್ಧಕ್ಕೆ 10, ಮನೆಗೆ ವಾಪಸ್ ಬರಲು 10. ಆ ಎರಡನೇ ಹತ್ತರಲ್ಲಿ ಏಳು ವರ್ಷ ಕಥಾನಾಯಕ ಒಡಿಸ್ಯೂಸ್ ಕ್ಯಾಲಿಪ್ಸೊ ಎಂಬ ದೇವತೆಯ ದ್ವೀಪದಲ್ಲೇ ಸಿಕ್ಕಿಕೊಂಡಿರುತ್ತಾನೆ. ಕಾವ್ಯ ಶುರುವಾಗುವುದು ಗೆರೆಯ ಕೊನೆಗೆ ಬಂದಮೇಲೆ. ಒಟ್ಟು 24 ಭಾಗಗಳಲ್ಲಿ ನಾಯಕ ಮುಖ ತೋರಿಸುವುದೇ ಐದನೆಯದರಲ್ಲಿ. ಒಕ್ಕಣ್ಣ ರಾಕ್ಷಸ, ಹಾಡಿ ನಾವಿಕರನ್ನು ಬಲೆಗೆ ಕೆಡವುವ ಸೈರನ್‌ಗಳು ಎಲ್ಲ ಬರುವುದು 9ರಿಂದ 12ರಲ್ಲಿ, ಅದೂ ಅವನೇ ದಾರಿಯಲ್ಲಿ ಆಶ್ರಯ ಕೊಟ್ಟ ರಾಜನ ಅರಮನೆಯಲ್ಲಿ ಊಟವಾದಮೇಲೆ ಹೇಳುವ ಹಳೇ ಕಥೆಯಾಗಿ. ಈ ಗೆರೆ ಇದ್ದರೆ ಇನ್ ಮೀಡಿಯಾಸ್ ರೆಸ್ (ಕಥೆಯನ್ನು ನಡುವಿನಿಂದ ಶುರು ಮಾಡುವುದು), ಫ್ಲ್ಯಾಶ್‌ಬ್ಯಾಕ್ ಎರಡನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಒಂದೊಂದು ಪದಕ್ಕೆ ಒಂದೊಂದು ಪ್ರಸಂಗ ಗಂಟು ಹಾಕಿ. ಡ್ರಮ್ಯಾಟಿಕ್ ಐರನಿಗೆ ಪಾಲಿಫೀಮಸ್. ಒಡಿಸ್ಯೂಸ್ ಆ ಒಕ್ಕಣ್ಣನಿಗೆ ತನ್ನ ಹೆಸರು 'ಯಾರೂ ಇಲ್ಲ' ಎಂದು ಹೇಳಿ, ಆಮೇಲೆ ಕಣ್ಣು ಚುಚ್ಚುತ್ತಾನೆ. ಅವನ ಕಿರುಚಾಟ ಕೇಳಿ ಅಕ್ಕಪಕ್ಕದವರು ಗುಹೆಯ ಹೊರಗೆ ನಿಂತು ಕೇಳುತ್ತಾರೆ, "ಯಾರೋ ಹೊಡೀತಿರೋದು?" ಒಳಗಿನಿಂದ ಉತ್ತರ: "ಯಾರೂ ಇಲ್ಲ!" ಅವರು ಹೊರಟುಹೋಗುತ್ತಾರೆ. ಕನ್ನಡದಲ್ಲಿ ಹೇಳಿದಾಗಲೇ ಮಗ ಬಿದ್ದು ಬಿದ್ದು ನಕ್ಕ. ನಮಗೆ ಗೊತ್ತಿರುವುದು ಹೊರಗೆ ನಿಂತವರಿಗೆ ಗೊತ್ತಿಲ್ಲ, ಅಷ್ಟೇ ಐರನಿ. ಸ್ವಲ್ಪ ಹೊತ್ತಿಗೆ ಅದೇ ಜಾಣ ಹಡಗಿನಿಂದ ತನ್ನ ನಿಜವಾದ ಹೆಸರು ಕೂಗಿ ಹೇಳುತ್ತಾನೆ. ರಾಕ್ಷಸ ತನ್ನಪ್ಪ, ಕಡಲ ದೇವರು ಪೊಸೈಡನ್‌ಗೆ ಮೊರೆಯಿಟ್ಟು ಶಾಪ ಹಾಕುತ್ತಾನೆ. ಅದು ಹ್ಯೂಬ್ರಿಸ್, ಮಿತಿಮೀರಿದ ಅಹಂಕಾರ. ಹಾಳು ಬಾಯಿ ಅನ್ನಿ.

ಎಪಿಕ್ ಸಿಮಿಲಿಗೆ, ಅಂದರೆ ಉದ್ದಕ್ಕೆ ಬೆಳೆಸಿದ ಹೋಲಿಕೆಗೆ, ನನ್ನ ಆಯ್ಕೆ ಐದನೇ ಭಾಗದ ಕೊನೆ. ತೆಪ್ಪ ಒಡೆದು, ಮೈಮೇಲೆ ಬಟ್ಟೆ ಇಲ್ಲದೆ ದಡ ಸೇರಿದ ಒಡಿಸ್ಯೂಸ್ ಆಲಿವ್ ಪೊದೆಯ ಕೆಳಗೆ ತರಗೆಲೆ ಹೊದ್ದು ಮಲಗುತ್ತಾನೆ. ನೆರೆಹೊರೆ ಇಲ್ಲದ ಒಂಟಿ ಹೊಲದ ರೈತ ಬೆಂಕಿಯ ಬೀಜ ಆರದಿರಲಿ ಅಂತ ಕೊಳ್ಳಿಯನ್ನು ಬೂದಿಯಲ್ಲಿ ಹುದುಗಿಸಿಡುವ ಹಾಗೆ, ಎನ್ನುತ್ತಾನೆ ಹೋಮರ್. ಓದಿ ನಾನು ಸುಮ್ನೆ ಕೂತುಬಿಟ್ಟೆ. ಅಜ್ಜಿ ದಿನಾ ರಾತ್ರಿ ಒಲೆಯಲ್ಲಿ ಮಾಡುತ್ತಿದ್ದದ್ದು ಇದೇ ಅಲ್ವಾ? ಒಲೆಯನ್ನೇ ನೋಡದ ಮಗನಿಗೆ ಅದನ್ನು ಚಿತ್ರ ಬರೆದು ತೋರಿಸಬೇಕಾಯಿತು. ಹೋಲಿಕೆಯ ಒಂದೊಂದು ತುಂಡಿಗೂ ಜೋಡಿ ಹುಡುಕಿಸಿ: ಬೂದಿ ಅಂದರೆ ತರಗೆಲೆ, ಕೆಂಡ ಅಂದರೆ ಉಳಿದಿರುವ ಜೀವ, ಒಂಟಿ ಹೊಲ ಅಂದರೆ ಗುರುತು ಪರಿಚಯವಿಲ್ಲದ ದಡ. ನಮ್ಮಲ್ಲಿ 'ಬೂದಿ ಮುಚ್ಚಿದ ಕೆಂಡ' ಅಂದರೆ ಒಳಗಿನ ಸಿಟ್ಟು. ಇಲ್ಲಿ ಆ ಅರ್ಥವಿಲ್ಲ ಎಂದು ಮಗನಿಗೆ ಹೇಳಿದೆ. ಅವನು, "ಮನೆಗೆ ಹೋದ್ಮೇಲೆ, ಹೆಂಡತೀನ ಮದ್ವೆ ಆಗ್ಬೇಕು ಅಂತ ಬಂದು ಕೂತಿರೋ 108 ಜನರನ್ನ ಕೊಲ್ತಾನಲ್ಲಮ್ಮ?" ಎಂದ. ನನ್ನ ಹತ್ತಿರ ಉತ್ತರವಿರಲಿಲ್ಲ.

ಎಪಿಥೆಟ್, ಅಂದರೆ ಹೆಸರಿಗೆ ಅಂಟಿಕೊಂಡು ಬರುವ ವಿಶೇಷಣ, ಸುಲಭ. ಅರ್ಜುನನನ್ನು ಸವ್ಯಸಾಚಿ, ಧನಂಜಯ ಎನ್ನುವುದಿಲ್ಲವೇ, ಆ ಜಾತಿಯದು. ಗುಲಾಬಿ ಬೆರಳಿನ ಮುಂಜಾವು, ದ್ರಾಕ್ಷಾರಸದ ಬಣ್ಣದ ಕಡಲು ಮತ್ತೆ ಮತ್ತೆ ಬರುತ್ತವೆ. ಬಂದಾಗಲೆಲ್ಲ ಒಂದೇ ಬಣ್ಣದಲ್ಲಿ ಗುರುತು ಮಾಡಿ. 'ಇದೇನು ಅದನ್ನೇ ಹೇಳ್ತಾನೆ' ಎಂದು ಮಗ ಗೊಣಗಿದ. ಕಾರಣ ಇದು: ಬರವಣಿಗೆಯಿಲ್ಲದೆ ಹಾಡುವವನಿಗೆ ಛಂದಸ್ಸಿಗೆ ಸರಿಯಾಗಿ ಕೂರುವ ಸಿದ್ಧ ತುಂಡುಗಳು ಬೇಕು. ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ 1933-35ರಲ್ಲಿ ಯುಗೊಸ್ಲಾವಿಯಾದ ಹಾಡುಗಾರರನ್ನು ರೆಕಾರ್ಡ್ ಮಾಡಿ ಇದನ್ನು ತೋರಿಸಿದ. ಒಂದು ಎಚ್ಚರಿಕೆ: ಓದುವುದು ಕ್ಲಾಸಿನ ಅನುವಾದವೇ ಆಗಿರಲಿ. ನಾನು ತಂದುಕೊಟ್ಟದ್ದು ಎಮಿಲಿ ವಿಲ್ಸನ್ ಅವರ 2017ರದ್ದು. ಓದಲು ಸಲೀಸು. ಆದರೆ ಅವರು ಮುಂಜಾವಿನ ವರ್ಣನೆಯನ್ನು ಬೇಕೆಂದೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ಟೀಚರ್ ಹೇಳಿದ ಪುನರಾವರ್ತನೆ ಹುಡುಕಿ ಹುಡುಕಿ ಮಗನಿಗೆ ಸಾಕಾಯಿತು.

ಹೆಸರುಗಳನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಒಡಿಸ್ಯೂಸನ ಹೆಂಡತಿಯನ್ನು ಮಗ ಪೆನೆಲೋಪ್ ಎನ್ನುತ್ತಿದ್ದ. ಪೆನೆಲಪಿ, ಟೆಲೆಮಕಸ್, ಕರಿಬ್ಡಿಸ್ ಎಂದು ಬರೆದಿಟ್ಟಮೇಲೆ ತೊಡರಲಿಲ್ಲ. ಭಾನುವಾರದ ಕನ್ನಡ ಶಾಲೆ ಉಪಯೋಗಕ್ಕೆ ಬಂತು.

ಶಬ್ದಗಳಿಗೆ ಬೇರು ಹಿಡಿಯಿರಿ. ಮೆಂಟರ್ ಎಂಬುದು ಇದೇ ಕಾವ್ಯದ ಒಬ್ಬ ಮುದುಕನ ಹೆಸರು. ಅಥೀನಾ ದೇವತೆ ಅವನ ವೇಷದಲ್ಲಿ ಒಡಿಸ್ಯೂಸನ ಮಗ ಟೆಲೆಮಕಸ್‌ಗೆ ದಾರಿ ತೋರಿಸುತ್ತಾಳೆ. ನಾಸ್ಟಾಲ್ಜಿಯಾ ಗ್ರೀಕರದ್ದಲ್ಲ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಪದ ಸೇರಿಸಿ ಒಂದು ಕಾಯಿಲೆಗೆ ಇಟ್ಟ ಹೆಸರು. ಆ ಕಾಯಿಲೆ ನನಗೂ ಇದೆ, ಬಿಡಿ.

ಉತ್ತರಕ್ಕೆ ಮೂರು ವಾಕ್ಯ ಸಾಕು: ಸಾಲು ಯಾವುದು, ಅದರ ಹೆಸರೇನು, ಅಲ್ಲಿ ಅದು ಮಾಡುವ ಕೆಲಸವೇನು. ಮಾರ್ಕ್ಸ್ ಜಾಸ್ತಿ ಇರುವುದು ಮೂರನೆಯದಕ್ಕೆ.

ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಮುಚ್ಚಿ, ಕಥೆಯನ್ನು ಯಾರಿಗಾದರೂ ಹೇಳಿಸಿ. ಮಗ ವಿಡಿಯೋ ಕಾಲಿನಲ್ಲಿ ಅವನ ಅಜ್ಜಿಗೆ ಕೆಂಡದ ಹೋಲಿಕೆ ಹೇಳಿದ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅಮ್ಮ ಪೂರ್ತಿ ಕೇಳಿಸಿಕೊಂಡು ಕೇಳಿದ್ದು ಒಂದೇ: "ಯಾವ ಸೌದೆ ಅಂತ ಬರ್ದಿದಾನೇನೋ? ಹುಣಸೇದಾದ್ರೆ ಬೆಳಗಿನವರೆಗೂ ಇರುತ್ತೆ."