ಪಿಕಪ್‌ಗೆ ಹೊಸ ಎಕ್ಸಾಸ್ಟ್: ಫೋನಿನಲ್ಲಿ ಸದ್ದು ಕೇಳಿ ಕೊಂಡುಬಿಡಬೇಡಿ

ಡೆಟ್ರಾಯಿಟ್ ಹತ್ತಿರದ ನಮ್ಮ ಬೀದಿಯಲ್ಲಿ ಕಾರುಗಳಿಗಿಂತ ಪಿಕಪ್‌ಗಳೇ ಜಾಸ್ತಿ. ಇಲ್ಲಿಗೆ ಬಂದ ಕನ್ನಡಿಗರೂ ಐದಾರು ವರ್ಷ ಸೆಡಾನ್ ಓಡಿಸಿ, ಮನೆ ಕೊಂಡು, ಒಂದು ದಿನ ತೋಟಕ್ಕೆ ಮಣ್ಣು ತರುವ ನೆಪ ಹೇಳಿ ಪಿಕಪ್ ತರುತ್ತಾರೆ. ಮೂರನೇ ತಿಂಗಳಿಗೆ ಶುರುವಾಗುತ್ತದೆ: ‘ಸದ್ದೇ ಇಲ್ಲವಲ್ಲ ಮಾರಾಯ!’

ನನ್ನ ಗೆಳೆಯನೊಬ್ಬ ಹೀಗೆಯೇ ತನ್ನ ಫೋರ್ಡ್ ಎಫ್-150 ಪಿಕಪ್‌ಗೆ ಹೊಸ ಎಕ್ಸಾಸ್ಟ್, ಅಂದರೆ ಎಂಜಿನ್ನಿನ ಹೊಗೆ ಹೊರಗೆ ಬಿಡುವ ಪೈಪು, ಸೈಲೆನ್ಸರ್ ಎಲ್ಲ, ಹಾಕಿಸಿದ. ಊರೊಳಗೆ ಓಡಿಸುವಾಗ ಗಂಡುಗಂಡಾದ ಸದ್ದು, ಕೇಳಲು ಚೆನ್ನಾಗಿಯೇ ಇತ್ತು. ಆಮೇಲೆ ಸಂಸಾರ ಕಟ್ಟಿಕೊಂಡು ಶಿಕಾಗೋಗೆ ಹೊರಟ. ನಾಲ್ಕೂವರೆ ತಾಸಿನ ದಾರಿ. ಅರ್ಧ ದಾರಿಗೆ ಮಗು ವಾಂತಿ ಮಾಡಿತು, ಹೆಂಡತಿ ಮಾತು ಬಿಟ್ಟಳು. ಹಿಟ್ಟಿನ ಗಿರಣಿಯೊಳಗೆ ಕೂತು ಊರಿಗೆ ಹೋದ ಹಾಗಾಯಿತು ಎಂದ. ಇಂಥ ಕಥೆ ನಾನು ನೋಡಿದ್ದು ಇದೊಂದೇ ಅಲ್ಲ. ಎಲ್ಲರೂ ಎಡವುವುದು ಒಂದೇ ಕಡೆ. ಅದು ಮೂರನೇ ಹೆಜ್ಜೆಯಲ್ಲಿ ಬರುತ್ತದೆ.

ಹೆಜ್ಜೆ 1: ಟೇಪು ಹಿಡಿದು ಅಳೆಯಿರಿ

‘ನನ್ನದು ಎಫ್-150’ ಎಂದರೆ ಸಾಲದು. ಯಾವ ವರ್ಷ, ಯಾವ ಎಂಜಿನ್, ಎಷ್ಟು ವೀಲ್‌ಬೇಸ್ ಎಂಬುದು ಬೇಕು. ವೀಲ್‌ಬೇಸ್ ಎಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ದೂರ. ಎಫ್-150ರಲ್ಲೇ ಇದು ಸುಮಾರು 122 ಇಂಚಿನಿಂದ 164 ಇಂಚಿನವರೆಗೆ ಇದೆ. ಪೈಪಿನ ಉದ್ದ ಇದರ ಮೇಲೆಯೇ ನಿಂತಿದೆ. ಕ್ಯಾಬು (ನಾವು ಕೂರುವ ಭಾಗ), ಬೆಡ್ಡು (ಸಾಮಾನು ಹಾಕುವ ಹಿಂದಿನ ತೊಟ್ಟಿ) ಇವುಗಳ ಹೆಸರು ನೋಡಿ ಊಹಿಸಲು ಹೋಗಬೇಡಿ. ಹಿಂದೆ ಇಕ್ಕಟ್ಟಾದ ಸೀಟಿರುವ ಸೂಪರ್‌ಕ್ಯಾಬ್‌ಗೆ ಆರೂವರೆ ಅಡಿ ಬೆಡ್ಡು ಇದ್ದರೂ, ನಾಲ್ಕು ಪೂರ್ತಿ ಬಾಗಿಲಿನ ಸೂಪರ್‌ಕ್ರೂಗೆ ಐದೂವರೆ ಅಡಿ ಬೆಡ್ಡು ಇದ್ದರೂ ವೀಲ್‌ಬೇಸ್ 145 ಇಂಚೇ. ಅದೇ ಸೂಪರ್‌ಕ್ರೂಗೆ ಆರೂವರೆ ಅಡಿ ಬೆಡ್ಡು ಬಂದರೆ ಸುಮಾರು 157. ಹನ್ನೆರಡು ಇಂಚು ಗಿಡ್ಡವಾದ ಪೈಪನ್ನು ಎಳೆದು ಉದ್ದ ಮಾಡಲಾಗುವುದಿಲ್ಲ, ಅಲ್ವಾ?

ಹೆಜ್ಜೆ 2: ಎಲ್ಲಿಂದ ಹಿಂದಕ್ಕೆ ಬದಲಾಯಿಸಬೇಕು?

ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ, ಅದರಿಂದ ಹಿಂದಕ್ಕೆ. ಇದಕ್ಕೆ ‘ಕ್ಯಾಟ್-ಬ್ಯಾಕ್’ ಎನ್ನುತ್ತಾರೆ. ಅಷ್ಟೇ ಕೊಳ್ಳಿ.

ಕನ್ವರ್ಟರನ್ನೇ ಕಿತ್ತು ಹಾಕುವುದು ಅಮೆರಿಕದ ಕ್ಲೀನ್ ಏರ್ ಆಕ್ಟ್ ಪ್ರಕಾರ ಅಪರಾಧ. ಅದರ ಹಿಂದೆ ಕೂತಿರುವ ಆಕ್ಸಿಜನ್ ಸೆನ್ಸರ್ ಸುಮ್ನೆ ಬಿಡುವುದೂ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹಚ್ಚುತ್ತದೆ. ಡೀಸೆಲ್ ಪಿಕಪ್ ಇದ್ದವರು ಡಿಪಿಎಫ್ ಎಂಬ ಮಸಿ ಸೋಸುವ ಡಬ್ಬಿಗೆ ಕೈ ಹಾಕಬೇಡಿ, ಅದರ ಹಿಂದಿನ ಪೈಪನ್ನಷ್ಟೇ ಬದಲಾಯಿಸಿ. ‘ಆಫ್ ರೋಡ್ ಬಳಕೆಗೆ ಮಾತ್ರ’ ಎಂದು ಸಣ್ಣ ಅಕ್ಷರದಲ್ಲಿ ಬರೆದ ಮಾಲು ಕಂಡರೆ ಆ ಪುಟ ಮುಚ್ಚಿಬಿಡಿ. ಸದ್ದಿಗೂ ಕಾನೂನಿದೆ, ಒಂದೊಂದು ರಾಜ್ಯಕ್ಕೆ ಒಂದೊಂದು. ಕ್ಯಾಲಿಫೋರ್ನಿಯಾದಲ್ಲಿ 6,000 ಪೌಂಡ್‌ಗಿಂತ ಕಡಿಮೆ ಒಟ್ಟು ತೂಕದ ವಾಹನಕ್ಕೆ 95 ಡೆಸಿಬಲ್ ಮಿತಿ. ದೊಡ್ಡ ಪಿಕಪ್‌ಗಳು ಈ ಲೆಕ್ಕದಿಂದ ಆಚೆ ಬೀಳಬಹುದು. ಹಾಗೆಂದು ಪೊಲೀಸರು ನಿಲ್ಲಿಸುವುದಿಲ್ಲ ಎಂದುಕೊಳ್ಳಬೇಡಿ.

ಊರಲ್ಲಿರುವ ತಮ್ಮಂದಿರಿಗೆ ಒಂದು ಮಾತು. ಇದನ್ನು ಓದಿ ನಿಮ್ಮ ಇಸುಜು ವಿ-ಕ್ರಾಸ್‌ಗೋ ಹೈಲಕ್ಸ್‌ಗೋ ಪೈಪು ಹುಡುಕಲು ಹೊರಡಬೇಡಿ. ಅಲ್ಲಿನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಕೈಕಟ್ಟಿ ಹಾಕಿದೆ. ಬುಲೆಟ್ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಫೋಟೋ ಪತ್ರಿಕೆಯಲ್ಲಿ ನೀವೇ ನೋಡಿರುತ್ತೀರಿ.

ಹೆಜ್ಜೆ 3: ಸದ್ದು ಆರಿಸುವುದು

ಎಲ್ಲರೂ ಮೊದಲು ಮಾಡುವ ಕೆಲಸ ಯೂಟ್ಯೂಬ್ ತೆಗೆಯುವುದು. ಯಾರೋ ಪಿಕಪ್ ನಿಲ್ಲಿಸಿ, ಹಿಂದೆ ಮೈಕು ಇಟ್ಟು, ಆಕ್ಸಿಲರೇಟರ್ ತುಳಿಯುತ್ತಾರೆ. ಕೇಳಿದವನಿಗೆ ರೋಮಾಂಚನ, ತಕ್ಷಣ ಆರ್ಡರ್. ಇದರಲ್ಲಿ ಎರಡು ತಪ್ಪಿದೆ. ಒಂದು, ನೀವು ಪಿಕಪ್‌ನ ಹಿಂದೆ ನಿಂತು ಜೀವನ ಮಾಡುವುದಿಲ್ಲ, ಒಳಗೆ ಕೂರುತ್ತೀರಿ. ಎರಡು, ನಿಮ್ಮ ತಲೆ ಕೆಡಿಸುವ ಸದ್ದು ಫೋನಿನಲ್ಲಿ ಬರುವುದೇ ಇಲ್ಲ.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಎಂಟು ಸಿಲಿಂಡರಿನ ವಿ8 ಎಂಜಿನ್ ಒಂದು ಸುತ್ತಿಗೆ ನಾಲ್ಕು ಸಲ ಸಿಡಿಯುತ್ತದೆ. ಹೆದ್ದಾರಿಯಲ್ಲಿ ಹಾಯಾಗಿ ಹೋಗುವಾಗ ಎಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತಿದೆ ಅನ್ನಿ. ಸೆಕೆಂಡಿಗೆ 30 ಸುತ್ತು, 120 ಸಿಡಿತ. ಅಂದರೆ 120 ಹರ್ಟ್ಸ್‌ನ ಒಂದೇ ಶ್ರುತಿ. ಆರು ಸಿಲಿಂಡರಿನ ವಿ6 ಆದರೆ 90 ಹರ್ಟ್ಸ್. ಈಗಿನ ಹಲವು ವಿ8ಗಳು ಪೆಟ್ರೋಲ್ ಉಳಿಸಲು ಹೆದ್ದಾರಿಯಲ್ಲಿ ನಾಲ್ಕು ಸಿಲಿಂಡರ್ ಮಲಗಿಸಿಬಿಡುತ್ತವೆ. ಆಗ ಅದೇ ಸದ್ದು 60 ಹರ್ಟ್ಸ್‌ಗೆ ಇಳಿಯುತ್ತದೆ. ಫೋನಿನ ಪುಟ್ಟ ಸ್ಪೀಕರ್ 200 ಹರ್ಟ್ಸ್‌ನ ಕೆಳಗೆ ಬರಿ ಉಸಿರು ಬಿಡುತ್ತದೆ, ಅಷ್ಟೇ. ನೀವು ಕೇಳಿ ಮೆಚ್ಚಿದ್ದು ಮೇಲಿನ ಸ್ವರ. ತಲೆನೋವು ತರುವ ಕೆಳಗಿನ ಸ್ವರ ಆ ವಿಡಿಯೋದಲ್ಲಿ ನಿಮ್ಮ ಕಿವಿಗೆ ಬಿದ್ದೇ ಇಲ್ಲ.

ಈ ಕೆಳಸ್ವರಕ್ಕೆ ಇಲ್ಲಿಯವರು ‘ಡ್ರೋನ್’ ಎನ್ನುತ್ತಾರೆ. ಖಾಲಿ ಬಾಟಲಿಯ ಬಾಯಿಗೆ ಸರಿಯಾಗಿ ಊದಿದರೆ ಇಡೀ ಬಾಟಲಿ ಮೊಳಗುತ್ತದಲ್ಲ, ಹಾಗೆ ಕ್ಯಾಬಿನ್ ಮೊಳಗುತ್ತದೆ. ವೇಗ ಹೆಚ್ಚಿಸಿದರೂ ಕಡಿಮೆ ಮಾಡಿದರೂ ತಪ್ಪುತ್ತದೆ. ಆದರೆ ನಮ್ಮ ದುರದೃಷ್ಟ, ನಾವು ಗಂಟೆಗಟ್ಟಲೆ ಓಡಿಸುವ ವೇಗದಲ್ಲೇ ಅದು ಬಂದು ಕೂರುತ್ತದೆ.

ಹಾಗಾದರೆ ಏನು ಮಾಡಬೇಕು? ನಿಮ್ಮದೇ ಎಂಜಿನ್, ನಿಮ್ಮದೇ ಕ್ಯಾಬ್ ಇರುವ, ನೀವು ಕೊಳ್ಳಬೇಕೆಂದಿರುವ ಎಕ್ಸಾಸ್ಟನ್ನೇ ಹಾಕಿಸಿರುವ ಒಬ್ಬರನ್ನು ಹುಡುಕಿ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿ, ಆಫೀಸಿನ ಪಾರ್ಕಿಂಗ್‌ನಲ್ಲಿ ಕೇಳಿ. ಪಿಕಪ್ ಇರುವವರು ಅದರ ಬಗ್ಗೆ ಮಾತಾಡಿ ಎಂದರೆ ಇಲ್ಲ ಎನ್ನುವ ಜಾತಿಯಲ್ಲ. ಅವರ ಜೊತೆ ಹೆದ್ದಾರಿಗೆ ಹೋಗಿ. ಕಿಟಕಿ ಮುಚ್ಚಿಸಿ, ರೇಡಿಯೋ ಆರಿಸಿ. ನೀವು ಹಿಂದಿನ ಸೀಟಿನಲ್ಲಿ ಕೂರಿ, ಏಕೆಂದರೆ ನಾಳೆ ಅಲ್ಲಿ ಕೂರುವವರು ಊರಿಂದ ಬಂದ ಅಪ್ಪ ಅಮ್ಮ. 65-70 ಮೈಲಿ ವೇಗದಲ್ಲಿ ಮೇಲಿನ ಗೇರಿನಲ್ಲೇ ಹೋಗಲು ಹೇಳಿ. ಸಣ್ಣ ಏರು ಸಿಕ್ಕರೆ ಇನ್ನೂ ಒಳ್ಳೆಯದು, ಎಂಜಿನ್ ಮೇಲೆ ಭಾರ ಬಿದ್ದಾಗ ಡ್ರೋನ್ ಎದ್ದು ಕೇಳುತ್ತದೆ. ಹತ್ತು ನಿಮಿಷ ಸಾಲದು, ಅರ್ಧ ಗಂಟೆ ಕೂರಿ. ಇಳಿದ ಮೇಲೆ ಕಿವಿಯೊಳಗೆ ಏನೋ ತುಂಬಿದಂತಿದ್ದರೆ ಆ ಎಕ್ಸಾಸ್ಟ್ ಬೇಡ.

ಇನ್ನು ಮಫ್ಲರ್. ಅದೇ, ನಾವು ಸೈಲೆನ್ಸರ್ ಎನ್ನುವ ಡಬ್ಬಿ. ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಒಳಗೆ ತಗಡಿನ ಗೋಡೆಗಳಿರುತ್ತವೆ, ಸದ್ದು ಅವಕ್ಕೆ ಬಡಿದು ಬಡಿದು ಹೊರಬರುತ್ತದೆ. ಫ್ಲೋಮಾಸ್ಟರ್ ಹೆಸರು ಮಾಡಿದ್ದು ಇದರಿಂದ. ಹಳೆಯ ಕಾಲದ ಗುಡುಗುಡು ಸದ್ದು ಬೇಕೆನ್ನುವವರಿಗೆ ಇದು. ಇನ್ನೊಂದರಲ್ಲಿ ತೂತು ಕೊರೆದ ನೇರ ಪೈಪು, ಸುತ್ತ ಗಾಜಿನ ಅಥವಾ ಉಕ್ಕಿನ ನಾರು. ಬೊರ್ಲಾ, ಮ್ಯಾಗ್ನಾಫ್ಲೋ ಮಾದರಿ. ಸಂಸಾರಸ್ಥರು ಎರಡನೆಯದನ್ನೇ ಕೊಳ್ಳಿ. ಅದೂ ಸಿಗುವುದರಲ್ಲಿ ಉದ್ದನೆಯ ಡಬ್ಬಿ. ಗಿಡ್ಡ ಡಬ್ಬಿ ಎಂದರೆ ಜಾಸ್ತಿ ಸದ್ದು, ಜಾಸ್ತಿ ಡ್ರೋನ್. ಅಗ್ಗದ ಡಬ್ಬಿಗಳಲ್ಲಿ ಆ ನಾರು ಬೇಗ ಸುಟ್ಟು ಹೋಗುತ್ತದೆ. ಕೊಂಡಾಗ ಇದ್ದ ಸದ್ದೇ ಬೇರೆ, ಎರಡು ವರ್ಷದ ಮೇಲಿನ ಸದ್ದೇ ಬೇರೆ.

ಕೆಲವು ಕಂಪನಿಗಳು ಪೈಪಿನ ಪಕ್ಕಕ್ಕೆ ತುದಿ ಮುಚ್ಚಿದ ಇನ್ನೊಂದು ಪೈಪು ಕೂರಿಸಿರುತ್ತವೆ. ಇದಕ್ಕೆ ‘ಜೆ-ಪೈಪ್’ ಎನ್ನುತ್ತಾರೆ. ಹೊಗೆ ಅದರೊಳಗೆ ಹಾದುಹೋಗುವುದಿಲ್ಲ. ನಲ್ಲಿಯಡಿ ಕೊಡ ತುಂಬುವಾಗ ಸ್ವರ ಏರುತ್ತಾ ಹೋಗುತ್ತದಲ್ಲ? ಒಳಗಿನ ಗಾಳಿಯ ಉದ್ದಕ್ಕೆ ತಕ್ಕ ಸ್ವರ ಅದು. ಇಲ್ಲೂ ಅದೇ ಲೆಕ್ಕ. ಬೇಡವಾದ ಸ್ವರಕ್ಕೆ ಸರಿಯಾದ ಉದ್ದದ ಕುರುಡು ಪೈಪು ಇಟ್ಟರೆ, ಸದ್ದು ಒಳಹೋಗಿ ತಿರುಗಿ ಬಂದು ತನ್ನನ್ನೇ ಹೊಡೆದುಕೊಳ್ಳುತ್ತದೆ. 120 ಹರ್ಟ್ಸ್‌ಗೆ ಸುಮಾರು ಮೂರು ಅಡಿ ಬೇಕು. ಹಾಗಾಗಿ ಬೇರೆ ಪಿಕಪ್‌ಗೆಂದು ಮಾಡಿದ ಜೆ-ಪೈಪು ತಂದು ಬೆಸೆದರೆ ಪ್ರಯೋಜನವಿಲ್ಲ. ಕಂಪನಿಯೇ ನಿಮ್ಮ ಎಂಜಿನ್‌ಗೆ ಅಳೆದು ಕೊಟ್ಟಿದ್ದರೆ ನೂರಿನ್ನೂರು ಡಾಲರ್ ಜಾಸ್ತಿಯಾದರೂ ಕೊಡಿ.

ಟರ್ಬೊ ಇರುವ ಫೋರ್ಡಿನ ಇಕೋಬೂಸ್ಟ್ ವಿ6 ಎಂಜಿನ್ ಇದ್ದವರು ವಿ8ರ ಸದ್ದಿನ ಕನಸು ಕಾಣಬೇಡಿ. ಟರ್ಬೊ ಅರ್ಧ ಸದ್ದು ನುಂಗುತ್ತದೆ. ಉಳಿದರ್ಧವನ್ನು ಜೋರು ಮಾಡಲು ಹೋದರೆ ಗರಗಸ ಎಳೆದಂತಾಗುತ್ತದೆ.

ಮಫ್ಲರ್ ಕತ್ತರಿಸಿ ಬರಿ ಪೈಪು ಬೆಸೆದು ಕಡಿಮೆ ದುಡ್ಡಿಗೆ ಮುಗಿಸಿಕೊಡುವ ಅಂಗಡಿಗಳಿವೆ. ಹೋಗಬೇಡಿ. ಅಷ್ಟೇ.

ಹೆಜ್ಜೆ 4: ಲೋಹ

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಯೂಮಿನಿಯಂ ಲೇಪದ ಉಕ್ಕು ಅಗ್ಗ, ಆದರೆ ಬೆಸುಗೆಯ ಜಾಗದಿಂದಲೇ ತುಕ್ಕು ಶುರು. 409 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಕಂದು ಬಣ್ಣಕ್ಕೆ ತಿರುಗಿದರೂ ಬಾಳುತ್ತದೆ. 304 ಸ್ಟೇನ್‌ಲೆಸ್ ಎಲ್ಲಕ್ಕಿಂತ ಗಟ್ಟಿ. ಟೆಕ್ಸಾಸ್‌ನಂಥ ಒಣ ಊರಿನವರು ಮೊದಲನೆಯದರಲ್ಲೇ ತೃಪ್ತಿಪಡಿ. ಉಪ್ಪಿನ ರಾಜ್ಯದವರು 304ಕ್ಕಿಂತ ಕೆಳಗೆ ಇಳಿಯಬೇಡಿ.

ಒಂದು ಮೋಸ ಹೇಳುತ್ತೇನೆ. ಜಾಹೀರಾತಿನಲ್ಲಿ ‘304 ಸ್ಟೇನ್‌ಲೆಸ್’ ಎಂದು ದಪ್ಪಕ್ಷರದಲ್ಲಿರುತ್ತದೆ. ಪೂರ್ತಿ ಓದಿದರೆ ಅದು ಹಿಂದೆ ಕಾಣುವ ಹೊಳೆಯುವ ತುದಿಗೆ ಮಾತ್ರ! ಪೈಪು ಬೇರೆಯದೇ. ಮಾಲು ಬಂದಾಗ ಫ್ರಿಜ್ಜಿನ ಮ್ಯಾಗ್ನೆಟ್ ತಂದು ಪೈಪಿಗೆ ಇಡಿ. 409 ಆಗಲಿ ಲೇಪದ ಉಕ್ಕಾಗಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. 304ಕ್ಕೆ ಅಂಟುವುದಿಲ್ಲ, ಬಾಗಿಸಿದ ಕಡೆ ತುಸು ಎಳೆಯಬಹುದು.

ಹೆಜ್ಜೆ 5: ಅಳತೆ, ಬಾಗು, ಹೊರಬಾಯಿ

ಮೂರು ಇಂಚಿನ ಒಂಟಿ ಪೈಪು ಸಾಕು. ದಪ್ಪ ಪೈಪು ಹಾಕಿದರೆ ಶಕ್ತಿ ಉಕ್ಕುತ್ತದೆ ಎನ್ನುವುದು ಬುರುಡೆ. ಕ್ಯಾಟ್-ಬ್ಯಾಕ್‌ನಿಂದ ಐದೋ ಹತ್ತೋ ಹಾರ್ಸ್‌ಪವರ್ ಸಿಕ್ಕರೆ ದೊಡ್ಡದು, ಅದೂ ಓಡಿಸುವಾಗ ಗೊತ್ತಾಗುವುದಿಲ್ಲ. ಬಾಗು ಮಾತ್ರ ‘ಮ್ಯಾಂಡ್ರೆಲ್’ ಆಗಿರಲಿ, ಅಂದರೆ ತಿರುವಿನಲ್ಲೂ ಪೈಪು ದುಂಡಗೇ ಇರಬೇಕು, ಸುಕ್ಕಾಗಬಾರದು.

ಹಿಂದೆ ಎರಡೂ ಕಡೆ ಬಾಯಿ ಬಿಡುವ ಜೋಡಿ ಪೈಪು ನೋಡಲು ಚೆಂದ. ಆದರೆ ಪಿಕಪ್‌ನ ಸ್ಟೆಪ್ನಿ ಬೆಡ್ಡಿನ ಕೆಳಗೇ ನೇತಾಡುತ್ತದೆ. ದೊಡ್ಡ ಟೈರ್ ಹಾಕಿಸಿದವರ ಸ್ಟೆಪ್ನಿ ಈ ಪೈಪಿಗೆ ತಾಗುತ್ತದೆ. ಟ್ರೇಲರ್‌ನಲ್ಲಿ ದೋಣಿ ಎಳೆಯುವವರಿಗೆ ಹೊಗೆ ನೇರ ಅದರ ಮೇಲೆ. ಬಲಗಡೆ, ಹಿಂದಿನ ಚಕ್ರದ ಹಿಂದಿನಿಂದ ಪಕ್ಕಕ್ಕೆ ಬರುವ ಒಂಟಿ ಬಾಯಿ ತೊಗೊಳ್ಳಿ. ಚಕ್ರಕ್ಕಿಂತ ಮುಂದೆಯೇ, ಕ್ಯಾಬಿನ ಕೆಳಗೆ ಮುಗಿಯುವ ಗಿಡ್ಡ ಪೈಪು ಬೇಡ. ಸದ್ದೂ ಒಳಗೆ, ಹೊಗೆಯೂ ಒಳಗೆ.

ಹೆಜ್ಜೆ 6: ಆರ್ಡರ್

ಒಳ್ಳೆಯ ಕಿಟ್ಟಿಗೆ ಸಾವಿರ ಡಾಲರ್‌ನ ಆಚೀಚೆ ಆಗುತ್ತದೆ. ವಾಪಸು ಕಳಿಸುವ ಖರ್ಚು ಯಾರದು ಎಂದು ಮೊದಲೇ ಓದಿಕೊಳ್ಳಿ. ಆರಡಿ ಉದ್ದದ ಡಬ್ಬಿ ಅಂಚೆಗೆ ಹಾಕುವುದು ಪುಕ್ಕಟೆ ಅಲ್ಲ. ಡಬ್ಬಿ ಬಂದ ದಿನವೇ ಬಿಚ್ಚಿ, ಪೈಪುಗಳನ್ನು ನೆಲದ ಮೇಲೆ ಜೋಡಿಸಿ ನೋಡಿ. ನನಗೊಮ್ಮೆ ಬಂದ ಕಿಟ್ಟಿನಲ್ಲಿ ಪೈಪು ಜೋಡಿಸುವ ಹಿಡಿತದ ಪಟ್ಟಿ (ಕ್ಲ್ಯಾಂಪ್) ಒಂದು ಕಡಿಮೆ ಇತ್ತು. ಗೊತ್ತಾದದ್ದು ಹಳೆಯದನ್ನು ಬಿಚ್ಚಿ ಪಿಕಪ್ ಅಲುಗಾಡದೆ ಕೂತ ಮೇಲೆ. ಮಾರಿದವರು ಐದು ದಿನ ಸತಾಯಿಸಿದರು.

ಹೆಜ್ಜೆ 7: ಹಾಕಿಸುವುದು

ಪಿಕಪ್ ಎತ್ತಿ ನಿಲ್ಲಿಸುವ ಜ್ಯಾಕ್ ಸ್ಟ್ಯಾಂಡ್ ಇಲ್ಲದವರು ಅಂಗಡಿಗೆ ಕೊಡಿ. ಇರುವವರು ಎಲ್ಲ ಹಿಡಿತಗಳನ್ನೂ ಸಡಿಲ ಬಿಟ್ಟು, ಪೈಪು ನೇರ ಕೂತ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡಿ. ನೂರು ಮೈಲಿ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಮೊದಲ ದಿನ ಸ್ವಲ್ಪ ಹೊಗೆ ಬಂದರೆ ಹೆದರಬೇಡಿ, ಪೈಪಿನ ಮೇಲಿನ ಎಣ್ಣೆ ಸುಡುತ್ತಿದೆ.

ಹಳೆಯ ಪೈಪು ಹಿಂದಿನ ಆಕ್ಸಲ್ ಮೇಲಿಂದ ಸುತ್ತಿ ಬಂದಿರುತ್ತದೆ, ಇಡಿಯಾಗಿ ಹೊರಗೆ ಬರುವುದು ಕಷ್ಟ. ಕತ್ತರಿಸಲೇಬೇಕಾದರೆ ನೇರವಾಗಿರುವ ಜಾಗದಲ್ಲಿ ಒಂದೇ ಒಂದು ಕಡೆ ಕತ್ತರಿಸಲು ಹೇಳಿ. ಆಗ ನಾಳೆ ಬೇಕೆಂದರೆ ಎರಡೂ ತುದಿಗಳನ್ನು ಸುತ್ತಿ ಹಿಡಿಯುವ ಒಂದು ಪಟ್ಟಿ ಹಾಕಿ ಮತ್ತೆ ಜೋಡಿಸಬಹುದು. ನನ್ನ ಗೆಳೆಯ ಶಿಕಾಗೋದಿಂದ ಬಂದ ಮರುದಿನವೇ ಹಳೆಯದನ್ನು ಹಾಕಿಸಲು ಅಂಗಡಿಗೆ ಓಡಿದ. ಅವರು ಅದನ್ನು ತಿರುವಿನಲ್ಲಿ ಮೂರು ತುಂಡು ಮಾಡಿ ಗುಜರಿಗೆ ಹಾಕಿದ್ದರು.