ರೋಟರಿನ ನಡುಕ ಇಳಿಸುವ ಕೆಲಸ

ಹೆಲಿಕಾಪ್ಟರ್ ನಿರ್ವಹಣೆಯಲ್ಲಿ ನನ್ನ ಪಾಲಿಗೆ ಬಂದದ್ದು ಮುಖ್ಯ ರೋಟರಿನ ಟ್ರ್ಯಾಕಿಂಗ್ ಮತ್ತು ಬ್ಯಾಲೆನ್ಸಿಂಗ್, ಅಂದರೆ ನೆತ್ತಿಯ ಮೇಲೆ ತಿರುಗುವ ಬ್ಲೇಡುಗಳೆಲ್ಲ ಒಂದೇ ಹಾದಿಯಲ್ಲಿ ಸಾಗುವಂತೆ, ತೂಕ ಸರಿದೂಗುವಂತೆ ಮಾಡುವುದು. ಬ್ಲೇಡ್ ಬದಲಾದರೆ, ಬ್ಲೇಡುಗಳನ್ನು ನಡುವೆ ಹಿಡಿದಿರುವ ಹಬ್ ಬಿಚ್ಚಿ ಜೋಡಿಸಿದರೆ, ಇಲ್ಲವೇ ‘ವೇಗ ಹೆಚ್ಚಿದಂತೆ ಅಲುಗುತ್ತದೆ’ ಎಂದು ಪೈಲಟ್ ದೂರು ಬರೆದರೆ ನನಗೆ ಕರೆ ಬರುತ್ತದೆ. ಹೆಲಿಕಾಪ್ಟರ್ ಹಾರುವ ಬಗೆಯನ್ನು ಪರೀಕ್ಷೆಗಾಗಿ ಓದಿದ್ದೆ. ಅದು ಮನಸ್ಸಿಗೆ ಇಳಿದದ್ದು ನಡುಕದ ಮೂಲ ಹುಡುಕುತ್ತಾ ಹೋದಾಗ.

ಪೈಲಟ್‌ಗೆ ನನ್ನ ಮೊದಲ ಪ್ರಶ್ನೆ ಒಂದೇ: ಪಕ್ಕಕ್ಕೆ ತೂಗುತ್ತದೆಯೋ, ಮೇಲೆ ಕೆಳಗೆ ಕುಣಿಯುತ್ತದೆಯೋ? ಸುತ್ತಿಗೊಮ್ಮೆ ಪಕ್ಕಕ್ಕೆ ಎಳೆದರೆ ಬಹುಮಟ್ಟಿಗೆ ತೂಕದ ದೋಷ. ಮೇಲೆ ಕೆಳಗೆ ಕುಣಿದರೆ ಒಂದು ಬ್ಲೇಡ್ ಉಳಿದವುಗಳಿಗಿಂತ ಹೆಚ್ಚು ಎತ್ತುತ್ತಿದೆ ಎಂದರ್ಥ. ಆಮೇಲೆ ಎರಡೂ ದಿಕ್ಕಿಗೆ ಕಂಪನ ಅಳೆಯುವ ಸಂವೇದಕಗಳನ್ನು ಕೂರಿಸುತ್ತೇನೆ. ಸುತ್ತಿನ ಯಾವ ಹಂತದಲ್ಲಿ ಏಟು ಬೀಳುತ್ತಿದೆ ಎಂದು ತಿಳಿಯಲು ಪೈಲಟ್‌ನ ಆದೇಶವನ್ನು ತಿರುಗುವ ಬ್ಲೇಡುಗಳಿಗೆ ಮುಟ್ಟಿಸುವ ತಟ್ಟೆಯಾದ ಸ್ವಾಷ್‌ಪ್ಲೇಟ್ ಬಳಿ ಮತ್ತೊಂದು ಸಂವೇದಕ. ಮೊದಲು ನೆಲದ ಮೇಲೆ, ಆಮೇಲೆ ನಿಂತಲ್ಲೇ ತೇಲುವಾಗ, ಕೊನೆಗೆ ಹಂತಹಂತವಾಗಿ ವೇಗ ಏರಿಸುತ್ತಾ ಅಳತೆ. ಈ ಕ್ರಮವನ್ನು ತಪ್ಪಿಸುವಂತಿಲ್ಲ, ಏಕೆಂದರೆ ಒಂದೊಂದು ಹಂತದಲ್ಲಿ ಒಂದೊಂದು ದೋಷ ಬಯಲಾಗುತ್ತದೆ.

ಎರಡು ಬ್ಲೇಡಿನ ಹಗುರ ಹೆಲಿಕಾಪ್ಟರ್ ಬೆಲ್ 206ರ ಲೆಕ್ಕವನ್ನೇ ನೋಡಿ. ಸುಮಾರು 10 ಮೀಟರ್ ವ್ಯಾಸದ ರೋಟರ್ ನಿಮಿಷಕ್ಕೆ ಸುಮಾರು 394 ಸುತ್ತು ತಿರುಗುತ್ತದೆ. ಬ್ಲೇಡಿನ ತುದಿಯ ವೇಗ ಸೆಕೆಂಡಿಗೆ ಸುಮಾರು 210 ಮೀಟರ್. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಮುಂದೆ ಸಾಗುವಾಗ ಮುಂದಕ್ಕೆ ಬರುವ ತುದಿಗೆ ಸೆಕೆಂಡಿಗೆ 265 ಮೀಟರ್ ವೇಗದ ಗಾಳಿ ಸಿಕ್ಕರೆ, ಹಿಂದಕ್ಕೆ ಹೋಗುವ ತುದಿಗೆ ಸಿಗುವುದು 155 ಮಾತ್ರ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಬ್ಲೇಡ್ ಗಾಳಿಗೆ ಒಡ್ಡಿಕೊಳ್ಳುವ ಕೋನ ಅದೇ ಇದ್ದರೆ ತುದಿಯ ಬಳಿ ಒಂದು ಕಡೆ ಮತ್ತೊಂದರ ಸುಮಾರು ಮೂರು ಪಟ್ಟು ಬಲ! ಯಂತ್ರ ಮಗುಚಿಕೊಳ್ಳದಿರಲು ಕಾರಣ, ಬ್ಲೇಡುಗಳಿಗೆ ಮೇಲೆ ಕೆಳಗೆ ಆಡುವ ಸ್ವಾತಂತ್ರ್ಯವಿರುವುದು. ಮುಂದಕ್ಕೆ ಬರುವ ಬ್ಲೇಡ್ ಮೇಲೇಳುತ್ತಾ ತನ್ನ ಕೋನ ಕಳೆದುಕೊಳ್ಳುತ್ತದೆ, ಹಿಂದಕ್ಕೆ ಹೋಗುವುದು ಇಳಿಯುತ್ತಾ ಗಳಿಸಿಕೊಳ್ಳುತ್ತದೆ. ಈ ಸ್ವಾತಂತ್ರ್ಯ ಕೊಡುವ ಕೀಲನ್ನು 1923ರಲ್ಲಿ ಆಟೋಜೈರೋದಲ್ಲಿ, ಅಂದರೆ ಗಾಳಿಯಿಂದಲೇ ರೋಟರ್ ತಿರುಗುವ ವಿಮಾನದಲ್ಲಿ, ಹಾರಿಸಿ ತೋರಿಸಿದವನು ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ. 206ರಲ್ಲಿ ಬಿಡಿ ಕೀಲುಗಳಿಲ್ಲ. ಎರಡು ಬ್ಲೇಡುಗಳೂ ತಕ್ಕಡಿಯ ದಂಡದಂತೆ ಒಟ್ಟಿಗೆ ವಾಲುತ್ತವೆ.

ನನ್ನ ಕೆಲಸಕ್ಕೆ ಈ ಲೆಕ್ಕ ಬೇಕಾಗುವುದು ಹೀಗೆ. ತೇಲುವಾಗಲೇ ಒಂದು ಬ್ಲೇಡ್ ಎತ್ತರದಲ್ಲಿ ತಿರುಗುತ್ತಿದ್ದರೆ ಬ್ಲೇಡನ್ನು ಸ್ವಾಷ್‌ಪ್ಲೇಟಿಗೆ ಜೋಡಿಸುವ ಸರಳಾದ ಪಿಚ್ ಲಿಂಕ್ ತಿರುಗಿಸಿ ಅದರ ಕೋನ ಸರಿಪಡಿಸುತ್ತೇನೆ. ತೇಲುವಾಗ ಸರಿಯಿದ್ದು, ವೇಗ ಏರಿದಂತೆ ಏಳುವ ಬ್ಲೇಡಿಗೆ ಮದ್ದು ಅದರ ಹಿಂದಂಚಿನ ಬಗ್ಗಿಸಬಲ್ಲ ಪುಟ್ಟ ಪಟ್ಟಿ, ಟ್ಯಾಬ್. ಟ್ಯಾಬನ್ನು ಕೂದಲೆಳೆಯಷ್ಟು ಬಗ್ಗಿಸಿದರೆ ಸಾಕು, ಗಾಳಿಯ ವೇಗ ಹೆಚ್ಚಿದಷ್ಟೂ ಅದು ಬ್ಲೇಡನ್ನು ಹೆಚ್ಚು ತಿರುಚುತ್ತದೆ. ತೂಕ ಸೇರಿಸುವುದು ಕೊನೆಗೆ. ಬ್ಲೇಡುಗಳ ಹಾದಿ ಸರಿಯಾಗುವ ಮೊದಲೇ ತೂಕಕ್ಕೆ ಕೈ ಹಾಕುವವರನ್ನು ಕಂಡರೆ ನನಗೆ ರೇಗುತ್ತದೆ. ಸೆಕೆಂಡಿಗೆ 0.2 ಇಂಚಿನ ಕೆಳಗೆ ಕಂಪನ ಇಳಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು.

ಹಿಂದಿನವರು ಬ್ಲೇಡಿನ ತುದಿಗಳಿಗೆ ಬೇರೆ ಬೇರೆ ಬಣ್ಣ ಬಳಿದು, ಕೋಲಿಗೆ ಕಟ್ಟಿದ ಬಟ್ಟೆಯನ್ನು ತಿರುಗುವ ರೋಟರಿನ ಅಂಚಿಗೆ ತಾಗಿಸಿ ಗುರುತು ನೋಡುತ್ತಿದ್ದರು. ಸದ್ಯ, ಆ ಧೈರ್ಯ ನನ್ನಿಂದ ಯಾರೂ ಕೇಳಲಿಲ್ಲ. ಅದಾದ ಮೇಲೆ ಸ್ಟ್ರೋಬ್ ದೀಪ ಬಂತು, ಕ್ಯಾಮೆರಾ ಬಂತು. ಉತ್ತರ ಸಮುದ್ರದ ತೈಲ ವೇದಿಕೆಗಳಿಗೆ ಹೋಗುವ ಹೆಲಿಕಾಪ್ಟರ್‌ಗಳಲ್ಲಿ 1990ರ ದಶಕದಲ್ಲಿ ನೆಲೆಗೊಂಡ, ಯಂತ್ರದ ಆರೋಗ್ಯದ ಮೇಲೆ ಕಣ್ಣಿಡುವ ಹಮ್ಸ್ (HUMS) ವ್ಯವಸ್ಥೆ ಈಗ ಹಾರಾಟದುದ್ದಕ್ಕೂ ಕಂಪನವನ್ನು ದಾಖಲಿಸುತ್ತದೆ. ಯಾವ ಲಿಂಕ್ ಎಷ್ಟು ತಿರುಗಿಸಬೇಕೆಂದೂ ಹೇಳಬಲ್ಲದು. ಆ ಸಲಹೆಯನ್ನು ನಾನು ಬಳಸುತ್ತೇನೆ, ಆದರೆ ಮೊದಲು ಲಿಂಕಿನ ತುದಿಯ ಬೇರಿಂಗ್ ಹಿಡಿದು ಅಲುಗಿಸಿ ನೋಡುತ್ತೇನೆ. ಸವೆದ ಬೇರಿಂಗ್‌ಗೆ ಎಷ್ಟು ಲೆಕ್ಕ ಹಾಕಿದರೂ ಪ್ರಯೋಜನವಿಲ್ಲ.

ಇನ್ನೊಂದು ನಡುಕವಿದೆ, ಅದು ನನ್ನ ಕೈಗೆ ಸಿಗುವುದಲ್ಲ. ಎರಡು ಬ್ಲೇಡಿನ ರೋಟರ್ ಸುತ್ತಿಗೆರಡು ಬಾರಿ, ನಾಲ್ಕರದು ನಾಲ್ಕು ಬಾರಿ ಒಡಲನ್ನು ಅಲುಗಿಸುತ್ತದೆ. ಎಲ್ಲ ಬ್ಲೇಡುಗಳೂ ತದ್ರೂಪವಾಗಿದ್ದರೂ ಇದು ಹೋಗದು. ಹಳೆಯ ಉಪಾಯ, ಸ್ಪ್ರಿಂಗಿಗೆ ತೂಗುಬಿಟ್ಟ ಭಾರ. ಸೇನಾ ಹೆಲಿಕಾಪ್ಟರ್ ಬ್ಲ್ಯಾಕ್ ಹಾಕ್‌ನ ಎಂ ಮಾದರಿಯಂಥವುಗಳಲ್ಲಿ ಗಣಕವೇ ವಿರುದ್ಧ ಕಂಪನ ಹುಟ್ಟಿಸಿ ಅದನ್ನು ತಗ್ಗಿಸುತ್ತದೆ.

ಹಿಂದಕ್ಕೆ ಹೋಗುವ ಬ್ಲೇಡಿನ ದೌರ್ಬಲ್ಯವನ್ನು ದಾಟುವ ಪ್ರಯತ್ನಗಳನ್ನು ಆಸಕ್ತಿಯಿಂದ ಗಮನಿಸುತ್ತೇನೆ. ಪ್ರಾಯೋಗಿಕ ಹೆಲಿಕಾಪ್ಟರ್ ಸಿಕೋರ್ಸ್ಕಿ ಎಕ್ಸ್2 ಒಂದರ ಮೇಲೊಂದು ವಿರುದ್ಧ ದಿಕ್ಕಿಗೆ ತಿರುಗುವ ಬಿಗಿ ರೋಟರುಗಳೊಂದಿಗೆ 2010ರಲ್ಲಿ 250 ನಾಟ್ (ಗಂಟೆಗೆ ಸುಮಾರು 460 ಕಿಲೋಮೀಟರ್) ಮುಟ್ಟಿತು. 2024ರಲ್ಲಿ ಮೊದಲು ಹಾರಿದ ಏರ್‌ಬಸ್ ರೇಸರ್, ಚಿಕ್ಕ ರೆಕ್ಕೆಗಳನ್ನೂ ಅವುಗಳ ತುದಿಗೆ ತಳ್ಳುವ ಪ್ರೊಪೆಲರ್‌ಗಳನ್ನೂ ಇಟ್ಟು ರೋಟರಿನ ಹೊರೆ ಇಳಿಸುತ್ತದೆ. ವಿದ್ಯುತ್ ಏರ್ ಟ್ಯಾಕ್ಸಿಯಾದ ವೊಲೊಸಿಟಿಯ ದಾರಿಯೇ ಬೇರೆ: 18 ವಿದ್ಯುತ್ ರೋಟರುಗಳು, ಎಲ್ಲವೂ ಸ್ಥಿರ ಕೋನದವು. ಅಲ್ಲಿ ಪಿಚ್ ಲಿಂಕೂ ಇಲ್ಲ, ಸ್ವಾಷ್‌ಪ್ಲೇಟೂ ಇಲ್ಲ. ತಿರುಗುವ ವೇಗ ಬದಲಿಸಿಯೇ ನಿಯಂತ್ರಣವಾದ್ದರಿಂದ, ನನ್ನ ಉಪಕರಣ ನೆಚ್ಚಿಕೊಂಡಿರುವ ‘ಸುತ್ತಿಗೊಮ್ಮೆ’ ಎಂಬ ಆವರ್ತನವೂ ಅಲ್ಲಿ ಒಂದೆಡೆ ನಿಲ್ಲದು. ಪ್ರತಿ ರೋಟರಿಗೂ ಅದರದೇ ವೇಗದ ಜಾಡು ಹಿಡಿದು ಬೇರೆಯಾಗಿ ಅಳೆಯಬೇಕು.